ಇನ್ನೊಬ್ಬರ ಚರ್ಮ, ನಮ್ಮ ಪಾದ

ಕಲ್ಯಾಣದ ಹರಳಯ್ಯನ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯ 'ಶರಣು' ಎಂದ. ಬಸವಣ್ಣನವರು 'ಶರಣು ಶರಣಾರ್ಥಿ' ಎಂದು ಒಂದಕ್ಕೆ ಎರಡು ಮಾಡಿ ಮರಳಿಸಿದರು. ಹೆಚ್ಚಿಗೆ ಬಂದ ಆ ಒಂದು ಶರಣಿನ ಭಾರ ಹೊರಲಾರದೆ ಹರಳಯ್ಯ ಮತ್ತು ಆತನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮವನ್ನೇ ತೆಗೆದು, ಹದ ಮಾಡಿ, ಚಮ್ಮಾವುಗೆ ಹೊಲಿದು ತಂದರಂತೆ. ಅದನ್ನು ಮೆಟ್ಟಲು ಬಸವಣ್ಣನವರಿಗೆ ಮನಸ್ಸು ಬರಲಿಲ್ಲವಂತೆ.

ಒಬ್ಬರ ಚರ್ಮ ಇನ್ನೊಬ್ಬರ ಪಾದವನ್ನು ಕಾಯುವುದು ಹನ್ನೆರಡನೆಯ ಶತಮಾನದ ಕಥೆಯಲ್ಲಿ ಭಕ್ತಿಯ ಪರಾಕಾಷ್ಠೆ. ಇಂದು ಅದು ಆಸ್ಪತ್ರೆಯಲ್ಲಿ ನಡೆಯುವ ಕೆಲಸ. ಸತ್ತವರಿಂದ ದಾನವಾಗಿ ಬಂದ ಚರ್ಮ, ಹೆರಿಗೆಯಾದ ತಾಯಿ ಕೊಟ್ಟ ಪೊರೆ, ಶಿಶುವಿನ ಚರ್ಮದಿಂದ ಬೆಳೆಸಿದ ಜೀವಕೋಶಗಳು, ಇವು ತಿಂಗಳುಗಟ್ಟಲೆ ಮಾಯದ ಪಾದ ಮತ್ತು ಹರಡಿನ ಹುಣ್ಣುಗಳ ಮೇಲೆ ಹೊದಿಕೆಯಾಗುತ್ತಿವೆ. ಇಲ್ಲಿಗೆ ತಲುಪಲು ವೈದ್ಯವಿಜ್ಞಾನಕ್ಕೆ 150 ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಈ ಚರಿತ್ರೆಯಲ್ಲಿ ಗೆಲುವಿನಷ್ಟೇ ಸೋಲೂ ಇದೆ. ಸೋಲುಗಳೇ ಹೆಚ್ಚು ಕಲಿಸಿವೆ ಎಂದರೂ ತಪ್ಪಾಗಲಾರದು.

ಮಾಯದ ಹುಣ್ಣು ಎಂದರೇನು?

ಬೆರಳಿಗೆ ಚಾಕು ತಗುಲಿದರೆ ರಕ್ತ ಹೆಪ್ಪುಗಟ್ಟುತ್ತದೆ, ಸುತ್ತ ಕೆಂಪಾಗಿ ಊದಿಕೊಳ್ಳುತ್ತದೆ, ಹೊಸ ಮಾಂಸ ತುಂಬುತ್ತದೆ, ಅಂಚಿನಿಂದ ಚರ್ಮ ಹರಿದು ಬಂದು ಮುಚ್ಚುತ್ತದೆ. ಒಂದು ಹಂತ ಮುಗಿದರೆ ಇನ್ನೊಂದು. ಆದರೆ ಕೆಲವು ಗಾಯಗಳು ಊತದ ಹಂತದಲ್ಲೇ ನಿಂತುಬಿಡುತ್ತವೆ. ಕೊಳೆತದ್ದನ್ನು ಕರಗಿಸಲು ದೇಹವೇ ಕಳಿಸಿದ ಕಿಣ್ವಗಳು ಹೊಸದಾಗಿ ಹುಟ್ಟಿದ ಮಾಂಸವನ್ನೂ ಕರಗಿಸತೊಡಗುತ್ತವೆ. ಅಂಚಿನ ಚರ್ಮ ಮುಂದೆ ಸರಿಯುವುದಿಲ್ಲ. ಸುಶ್ರುತ ಸಂಹಿತೆ ಇಂಥದ್ದನ್ನು 'ದುಷ್ಟವ್ರಣ' ಎಂದು ಕರೆದು, ವ್ರಣಗಳಿಗೆ ಅರವತ್ತು ಬಗೆಯ ಉಪಚಾರಗಳನ್ನು ಹೇಳುತ್ತದೆ.

ನಮ್ಮ ಕಾಲದಲ್ಲಿ ಈ ದುಷ್ಟವ್ರಣದ ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮಂಕಾಗಿಸುತ್ತದೆ, ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಚಪ್ಪಲಿಯೊಳಗೆ ಸೇರಿದ ಹರಳು, ಮಟಮಟ ಮಧ್ಯಾಹ್ನ ದೇವಸ್ಥಾನದ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ, ಬ್ಲೇಡಿನಿಂದ ಕೊಯ್ದುಕೊಂಡ ಆಣಿ, ಇಷ್ಟೇ ಸಾಕು. ನೋವಿಲ್ಲದ ಕಾರಣ ರೋಗಿಗೆ ಗೊತ್ತೇ ಆಗುವುದಿಲ್ಲ. ಕಾಲುಚೀಲದ ಮೇಲೆ ಕಲೆ ಕಂಡಾಗಲೋ, ಮನೆಯವರಿಗೆ ವಾಸನೆ ಬಂದಾಗಲೋ ತಿಳಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಸುಮಾರು ಐವರಿಗೊಬ್ಬರಿಂದ ಮೂವರಿಗೊಬ್ಬರವರೆಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಬರಬಹುದೆಂಬುದು ತಜ್ಞರ ಅಂದಾಜು. ನಂಜೇರಿದರೆ ಬೆರಳು, ಆಮೇಲೆ ಪಾದ, ಕೊನೆಗೆ ಮೊಳಕಾಲಿನ ಕೆಳಗಿನ ಭಾಗವನ್ನೇ ತೆಗೆಯಬೇಕಾದ ಪ್ರಮೇಯ ಬರುತ್ತದೆ. ದುಡಿಯುವವರ ಕಾಲು ಹೋದರೆ ಮನೆಯ ಒಲೆಯೂ ಆರುತ್ತದೆ.

ಕಸಿ ಕಟ್ಟಿದ ಕಥೆ

ಚರ್ಮವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತರುವ ವಿದ್ಯೆ ಭಾರತಕ್ಕೆ ಹಳೆಯದು. ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೊವಾಸ್ಜಿ ಎಂಬಾತ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ದೇಸಿ ವೈದ್ಯನೊಬ್ಬ ಆತನ ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಕಟ್ಟಿದ. ಆ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ವಿಧಾನವನ್ನು ಇಂಗ್ಲೆಂಡಿನಲ್ಲಿ ಮಾಡಿ ತೋರಿಸಿದ. ಆದರೆ ಇಲ್ಲಿ ಚರ್ಮ ರೋಗಿಯದೇ. ಒಂದು ಕಡೆ ದೇಹಕ್ಕೆ ಅಂಟಿಕೊಂಡೇ ಇರುವ ಆ ಚರ್ಮಕ್ಕೆ ರಕ್ತದ ಸಂಪರ್ಕ ತಪ್ಪುವುದಿಲ್ಲ. ಪೂರ್ತಿ ಬೇರ್ಪಡಿಸಿದ ಚರ್ಮ ಬದುಕೀತೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಉತ್ತರ ಕೊಟ್ಟವನು ಜಿನೀವಾ ಮೂಲದ ತರುಣ ವೈದ್ಯ ಜಾಕ್ ಲೂಯಿ ರೆವರ್ಡಾಂ. ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿದ್ದ ಆತ, ತೆರೆದ ಗಾಯದ ನಡುವೆ ಕೆಲವೊಮ್ಮೆ ಚರ್ಮದ ಪುಟ್ಟ ದ್ವೀಪಗಳು ಹುಟ್ಟಿ ಸುತ್ತ ಹರಡುವುದನ್ನು ಗಮನಿಸಿದ. ಇಂಥ ದ್ವೀಪಗಳನ್ನು ನಾವೇ ಏಕೆ ನೆಡಬಾರದು? 1869ರಲ್ಲಿ ಆತ ಚರ್ಮದ ಸಣ್ಣ ಚೂರುಗಳನ್ನು ಚಿವುಟಿ ತೆಗೆದು ಗಾಯದ ಮೇಲಿಟ್ಟ. ಅವು ಬೇರೂರಿದವು. ಆತ ಇದಕ್ಕೆ ಇಟ್ಟ ಹೆಸರು ತೋಟಗಾರರ ಭಾಷೆಯದು. ನಾವೂ ಮಾವಿಗೆ ಕಟ್ಟುವ ಕಸಿಯ ಹೆಸರಿನಲ್ಲೇ 'ಚರ್ಮದ ಕಸಿ' ಎನ್ನುತ್ತೇವೆ. ಕೆಲವೇ ವರ್ಷಗಳಲ್ಲಿ ಈ ವಿಧಾನ ಯೂರೋಪಿನಾದ್ಯಂತ ಹರಡಿ, ಕಾಲಿನ ಹಳೆಯ ಹುಣ್ಣುಗಳಿಗೆ ಸಾಮಾನ್ಯ ಚಿಕಿತ್ಸೆಯಾಯಿತು.

ತನ್ನ ಚರ್ಮ ಸಾಲದಿದ್ದರೆ? ಇನ್ನೊಬ್ಬರದು! ಆ ಕಾಲದ ವೈದ್ಯರಿಗೆ ಇದರಲ್ಲಿ ಅಡ್ಡಿಯೇನೂ ಕಾಣಲಿಲ್ಲ. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಜಾರ್ಜ್ ಪೊಲಾಕ್ 1870ರಲ್ಲಿ ಸುಟ್ಟಗಾಯದ ಬಾಲಕಿಯೊಬ್ಬಳಿಗೆ ತನ್ನದೇ ಚರ್ಮದ ಚೂರುಗಳನ್ನು ಇಟ್ಟು ನೋಡಿದ. ಅವು ಉಳಿಯಲಿಲ್ಲ. ನ್ಯೂಯಾರ್ಕಿನ ಜಾನ್ ಗರ್ಡ್ನರ್ ಸಿಡಿಲು ಬಡಿದು ಸುಟ್ಟ ಗಾಯಕ್ಕೆ ಸತ್ತವನ ಚರ್ಮ ಬಳಸಿದ್ದನ್ನು 1881ರಲ್ಲಿ ವರದಿ ಮಾಡಿದ. ಶವದ ಚರ್ಮ ಜೀವಂತ ದೇಹದ ಮೇಲೆ ಕೆಲಕಾಲ ನಿಲ್ಲಬಲ್ಲದೆಂದು ಅದರಿಂದ ಗೊತ್ತಾಯಿತು.

ಬೆಂಗಳೂರಿನ ದಂಡುಪ್ರದೇಶದಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿದ್ದು, ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿಹೋದ ವಿನ್‌ಸ್ಟನ್ ಚರ್ಚಿಲ್ ಕೂಡ ಈ ಸಾಲಿನ ದಾನಿ. 1898ರಲ್ಲಿ ಸೂಡಾನಿನ ಓಂಡರ್ಮನ್ ಕಾಳಗದ ನಂತರ, ಮಣಿಕಟ್ಟಿಗೆ ಕತ್ತಿಯೇಟು ಬಿದ್ದಿದ್ದ ರಿಚರ್ಡ್ ಮೋಲಿನ್ಯೂ ಎಂಬ ಅಧಿಕಾರಿಗೆ ಚರ್ಚಿಲ್ ತನ್ನ ತೋಳಿನ ಚರ್ಮದ ತುಂಡನ್ನು ಕೊಟ್ಟ. ಅದು ಗೆಳೆಯನ ಕೈಯಲ್ಲಿ ಇನ್ನೂ ಉಳಿದಿದೆಯೆಂದು 1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡ. ಇಂದಿನ ವಿಜ್ಞಾನ ಈ ಮಾತನ್ನು ಒಪ್ಪುವುದು ಕಷ್ಟ. ಚರ್ಚಿಲ್‌ನ ಚರ್ಮ ಕೆಲವು ವಾರ ಕಾವಲು ಕಾಯ್ದು ಉದುರಿಹೋಗಿ, ಆ ಹೊತ್ತಿಗೆ ಮೋಲಿನ್ಯೂನ ಸ್ವಂತ ಚರ್ಮವೇ ಗಾಯವನ್ನು ಮುಚ್ಚಿರಬೇಕು.

ಏಕೆ ನಿಲ್ಲದು?

ಇದು ಖಚಿತವಾಗಿ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. 1940ರಲ್ಲಿ ಆಕ್ಸ್‌ಫರ್ಡಿನಲ್ಲಿ ತನ್ನ ಮನೆಯ ಹತ್ತಿರವೇ ವಿಮಾನ ಬಿದ್ದು ಸುಟ್ಟುಹೋದ ಯೋಧನೊಬ್ಬನ ಸ್ಥಿತಿ ಪ್ರಾಣಿವಿಜ್ಞಾನಿ ಪೀಟರ್ ಮೆಡಾವರ್‌ನನ್ನು ಈ ಪ್ರಶ್ನೆಯತ್ತ ತಿರುಗಿಸಿತು. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಜೊತೆ ಸೇರಿ, ಸುಟ್ಟಗಾಯದ ಯುವತಿಯೊಬ್ಬಳಿಗೆ ಆಕೆಯದೇ ಚರ್ಮದ ಚೂರುಗಳನ್ನೂ ಆಕೆಯ ಅಣ್ಣತಮ್ಮನೊಬ್ಬನ ಚರ್ಮದ ಚೂರುಗಳನ್ನೂ ಇಟ್ಟು ದಿನದಿನವೂ ಪರೀಕ್ಷಿಸಿದ. ಆಕೆಯದು ಬೇರೂರಿತು, ಒಡಹುಟ್ಟಿದವನದು ಮೊದಲು ಅಂಟಿಕೊಂಡು ಆಮೇಲೆ ನಾಶವಾಯಿತು. ಅವನದೇ ಚರ್ಮವನ್ನು ಎರಡನೆಯ ಬಾರಿ ಇಟ್ಟಾಗ ಇನ್ನೂ ಬೇಗ ನಾಶವಾಯಿತು.

ಈ 'ಇನ್ನೂ ಬೇಗ' ಎಂಬುದೇ ಮುಖ್ಯ. ಒಮ್ಮೆ ಸಿಡುಬು ಬಂದವನ ದೇಹ ಆ ರೋಗವನ್ನು ನೆನಪಿಟ್ಟುಕೊಳ್ಳುವಂತೆ, ಈ ಯುವತಿಯ ದೇಹ ಪರಕೀಯ ಚರ್ಮವನ್ನು ನೆನಪಿಟ್ಟುಕೊಂಡಿತ್ತು. ಅಂದರೆ ಚರ್ಮವನ್ನು ತಿರಸ್ಕರಿಸುವುದು ರೋಗಾಣುವಿನ ವಿರುದ್ಧ ಹೋರಾಡುವ ಅದೇ ಕಾವಲು ಪಡೆ. 1943ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಆರಂಭಿಸಿದ ಕೆಲಸಕ್ಕೆ ಮೆಡಾವರ್ 1960ರ ನೊಬೆಲ್ ಪ್ರಶಸ್ತಿಯನ್ನು ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ಹಂಚಿಕೊಂಡ. ಮೂತ್ರಪಿಂಡ, ಹೃದಯ, ಯಕೃತ್ತುಗಳ ಕಸಿಗೆ ದಾರಿ ಮಾಡಿದ್ದು ಚರ್ಮದ ಈ ಸೋಲೇ.

ಮೂತ್ರಪಿಂಡ ಪಡೆದವರು ತಿರಸ್ಕಾರ ತಡೆಯಲು ಜೀವಮಾನವಿಡೀ ಮಾತ್ರೆ ನುಂಗುತ್ತಾರೆ. ಪಾದದ ಹುಣ್ಣಿಗೆ ಅಂಥ ಮಾತ್ರೆ ಕೊಡುವುದು ಸಲ್ಲದು. ಅದು ನಂಜನ್ನೇ ಕರೆದಂತೆ. ಹಾಗಾಗಿ ವೈದ್ಯರು ಪ್ರಶ್ನೆಯನ್ನೇ ಬದಲಿಸಿಕೊಂಡರು. ದಾನದ ಚರ್ಮ ಶಾಶ್ವತವಾಗಿ ನಿಲ್ಲಲೇಬೇಕೆ? ನಿಂತಷ್ಟು ದಿನ ಕೆಲಸ ಮಾಡಿದರೆ ಸಾಲದೆ? ಹೆರಿಗೆ ಮನೆಗೆ ಬಂದು ಬಾಣಂತನ ಮುಗಿಸಿ ಊರಿಗೆ ಮರಳುವ ಅಜ್ಜಿಯಂತೆ, ಅದು ತೇವ ಕಾಪಾಡಿ, ರೋಗಾಣು ತಡೆದು, ನೋವು ತಗ್ಗಿಸಿ, ಅಡಿಯಲ್ಲಿ ಆರೋಗ್ಯಕರ ಕೆಂಪು ಮಾಂಸ ಹುಟ್ಟಲು ಬಿಟ್ಟು ಹೋಗಬಹುದು. ಆಮೇಲೆ ರೋಗಿಯದೇ ತೆಳುವಾದ ಚರ್ಮವನ್ನು ಅಲ್ಲಿ ಕಸಿ ಮಾಡಬಹುದು.

ಕಸದಿಂದ ರಸ

ಹೆರಿಗೆಯ ನಂತರ ಬೀಳುವ ಮಾಸನ್ನು ನಮ್ಮ ಹಳ್ಳಿಗಳಲ್ಲಿ 'ಕಸ' ಎನ್ನುವುದುಂಟು. ಮಗುವನ್ನು ಒಂಬತ್ತು ತಿಂಗಳು ಸುತ್ತುವರಿದು ಕಾಯ್ದ ಚೀಲದ ಒಳಪದರವೂ ಅದರೊಂದಿಗೆ ಹೊರಬೀಳುತ್ತದೆ. ಈರುಳ್ಳಿಯ ಒಳಪೊರೆಯಷ್ಟು ತೆಳು, ಪಾರದರ್ಶಕ. ಅದರಲ್ಲಿ ರಕ್ತನಾಳಗಳಿಲ್ಲ. ಅರ್ಧ ತಂದೆಯದಾದ ಮಗುವನ್ನು ತಾಯಿಯ ದೇಹ ಹೊರದಬ್ಬದಂತೆ ನೋಡಿಕೊಳ್ಳುವ ಪೊರೆಯಾದ್ದರಿಂದ, ಬೇರೆ ದೇಹದ ಮೇಲಿಟ್ಟರೂ ಅದು ಎಬ್ಬಿಸುವ ಗಲಾಟೆ ಕಡಿಮೆ. ಊತ ತಗ್ಗಿಸುವ ಮತ್ತು ಜೀವಕೋಶಗಳ ಬೆಳವಣಿಗೆಗೆ ಪ್ರಚೋದನೆ ನೀಡುವ ಅಂಶಗಳೂ ಅದರಲ್ಲಿವೆ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜೆ. ಡಬ್ಲ್ಯೂ. ಡೇವಿಸ್ 1910ರಲ್ಲೇ ಗರ್ಭದ ಪೊರೆಯನ್ನು ಚರ್ಮದ ಬದಲು ಬಳಸಿದ್ದ. ನಂತರ ಅದು ಹೆಚ್ಚುಕಡಿಮೆ ಮರೆತುಹೋಯಿತು. 1980ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕಾಲಿನ ಹಳೆಯ ಹುಣ್ಣುಗಳಿಗೆ ಈ ಪೊರೆ ಬಳಸಿದ ಬ್ರಿಟಿಷ್ ವೈದ್ಯರ ವರದಿ ಬಂದಾಗ ಮತ್ತೆ ಆಸಕ್ತಿ ಕುದುರಿತು. ಅಷ್ಟರಲ್ಲಿ ಏಡ್ಸ್ ಬಂತು. ಪರೀಕ್ಷಿಸದ ಹಸಿ ಪೊರೆ ಬಳಸಲು ಎಲ್ಲರೂ ಹೆದರಿದರು.

ಈ ಹೆದರಿಕೆಗೆ ಪರಿಹಾರ ಒದಗಿಸಿದ್ದು ಅಂಗಾಂಶ ಬ್ಯಾಂಕುಗಳು. ಅಮೆರಿಕದ ನೌಕಾಪಡೆ 1949ರಲ್ಲಿ ಬೆಥೆಸ್ಡಾದಲ್ಲಿ ಇಂಥ ಬ್ಯಾಂಕ್ ತೆರೆದು, ಮೂಳೆ ಮತ್ತು ಚರ್ಮವನ್ನು ಹೆಪ್ಪುಗಟ್ಟಿಸಿ ಒಣಗಿಸಿಡುವ ಕ್ರಮವನ್ನು ರೂಢಿಸಿತ್ತು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಲ್ಲಿ ಆರಂಭವಾಯಿತು. ತಾಯಿಯ ರಕ್ತ ಪರೀಕ್ಷಿಸಿ, ಪೊರೆಯನ್ನು ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಗಾಮಾ ಕಿರಣಗಳಿಂದ ನಂಜು ಕಳೆಯುವ ಪದ್ಧತಿ ಅಲ್ಲಿಯದು. ಅಣುಶಕ್ತಿಯ ಇಂಥ ಬಳಕೆಯನ್ನು ಏಷ್ಯಾದ ದೇಶಗಳಲ್ಲಿ ಹರಡಲು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ನೆರವಾಯಿತು.

ಪ್ರಯೋಗಶಾಲೆಯ ಚರ್ಮ

1975ರಲ್ಲಿ ಅಮೆರಿಕದ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯ ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಮೃದ್ಧವಾಗಿ ಬೆಳೆಸುವ ದಾರಿ ಕಂಡುಕೊಂಡರು. ಬಳಿಕ ಯೂಜೀನ್ ಬೆಲ್ ಎರಡು ಪದರಗಳ 'ಜೀವಂತ ಚರ್ಮ'ವನ್ನು ರೂಪಿಸಿದ. ಈ ಸಂಶೋಧನೆಯ ಫಲವೇ 'ಆಪ್ಲಿಗ್ರಾಫ್'. ಸುನ್ನತಿಯಲ್ಲಿ ತೆಗೆದ ನವಜಾತ ಶಿಶುವಿನ ಮುಂದೊಗಲಿನ ಜೀವಕೋಶಗಳಿಂದ ಬೆಳೆಸುವ ಇದಕ್ಕೆ ಅಮೆರಿಕದ ಔಷಧ ಆಡಳಿತ 1998ರಲ್ಲಿ ಕಾಲಿನ ಅಭಿಧಮನಿ ಹುಣ್ಣಿಗೂ 2000ದಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೂ ಅನುಮತಿ ನೀಡಿತು. ಒಂದು ಶಿಶುವಿನ ತುಣುಕು ಚರ್ಮದಿಂದ ಸಾವಿರಾರು ತುಂಡುಗಳನ್ನು ಬೆಳೆಸಬಹುದು.

ಇನ್ನೊಂದು ಉಪಾಯ ಇದಕ್ಕೆ ವಿರುದ್ಧವಾದದ್ದು. ದೇಹ ದ್ವೇಷಿಸುವುದು ಮುಖ್ಯವಾಗಿ ಪರಕೀಯ ಜೀವಕೋಶಗಳನ್ನು. ಅವನ್ನೆಲ್ಲ ತೊಳೆದು ತೆಗೆದರೆ ಉಳಿಯುವುದು ಕೊಲಾಜೆನ್ ಎಂಬ ನಾರಿನ ಹಂದರ. ಈ ನಾರು ಮನುಷ್ಯರಿಂದ ಮನುಷ್ಯರಿಗೆ ಹೆಚ್ಚು ಬೇರೆಯಾಗಿರುವುದಿಲ್ಲ. ಬಳ್ಳಿ ಕಿತ್ತ ಚಪ್ಪರದ ಮೇಲೆ ಹೊಸ ಬಳ್ಳಿ ಹಬ್ಬುವಂತೆ, ರೋಗಿಯ ಜೀವಕೋಶಗಳೂ ರಕ್ತನಾಳಗಳೂ ಆ ಹಂದರದೊಳಗೆ ಹಬ್ಬುತ್ತವೆ. ಸ್ನಾಯುರಜ್ಜು, ಮೂಳೆ ಕಾಣುವಷ್ಟು ಆಳವಾದ ಪಾದದ ಹುಣ್ಣುಗಳಲ್ಲಿ ಇದರ ಉಪಯೋಗ ಹೆಚ್ಚು. 1990ರ ದಶಕದಲ್ಲಿ ಬಳಕೆಗೆ ಬಂದ ಈ ಬಗೆಯ ಹಂದರಗಳಿಗೆ ದಾನಿಗಳು ಮೃತರೇ.

ಅಂಕಿ ಅಂಶ ಹೇಳುವುದೇನು?

ಆಪ್ಲಿಗ್ರಾಫ್ ಕುರಿತು 208 ಮಧುಮೇಹಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ಹಾಕಿಸಿಕೊಂಡವರಲ್ಲಿ ಶೇ. 56 ಮಂದಿಯ ಹುಣ್ಣು 12 ವಾರಗಳಲ್ಲಿ ಮುಚ್ಚಿತು. ಬರೀ ಒಳ್ಳೆಯ ಆರೈಕೆ ಪಡೆದವರಲ್ಲಿ ಶೇ. 38. ವ್ಯತ್ಯಾಸ ನಿಜ. ಆದರೆ ಎರಡನೆಯ ಅಂಕಿಯನ್ನೂ ಓದುಗರು ಗಮನಿಸಬೇಕು. ಕೊಳೆತ ಮಾಂಸ ಕೆತ್ತಿ ತೆಗೆದು, ತೇವದ ಪಟ್ಟಿ ಕಟ್ಟಿ, ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಂಡಷ್ಟಕ್ಕೇ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವಾಸಿಯಾದರು. ಒಣಗಿಸಿದ ಗರ್ಭಪೊರೆಯ ಬಗ್ಗೆ 2013ರಲ್ಲಿ ಬಂದ ವರದಿಯೊಂದರಲ್ಲಿ ಆರು ವಾರಕ್ಕೆ ಶೇ. 92ರಷ್ಟು ಗುಣ ಕಂಡಿತ್ತು. ಆದರೆ ಆ ಪರೀಕ್ಷೆಯಲ್ಲಿದ್ದವರು ಒಟ್ಟು 25 ಮಂದಿ ಮಾತ್ರ.

ಭಾರ ಇಳಿಸುವ ಪಾಠದಲ್ಲಿ ನಮ್ಮ ನೆರೆಯ ವೆಲ್ಲೂರಿನ ಪಾಲಿದೆ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದ ಸವೆಯುವುದು 'ಕೆಟ್ಟ ಮಾಂಸ'ದಿಂದಲ್ಲ, ನೋವು ತಿಳಿಯದೆ ಅದೇ ಹುಣ್ಣಿನ ಮೇಲೆ ನಡೆಯುವುದರಿಂದ ಎಂದು ತೋರಿಸಿದರು. ಪಾದಕ್ಕೆ ಸರಿಯಾಗಿ ಅಚ್ಚುಕಟ್ಟಾಗಿ ಕೂರುವ ಪ್ಲಾಸ್ಟರ್ ಹಾಕಿ ಭಾರವನ್ನು ಹಂಚುವ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅದು ಮಧುಮೇಹಿಗಳ ಚಿಕಿತ್ಸೆಯ ಭಾಗವಾಯಿತು. ಈ ಪ್ಲಾಸ್ಟರ್ ಇಲ್ಲದೆ, ರಕ್ತ ಸಂಚಾರ ಸರಿಪಡಿಸದೆ, ಸಕ್ಕರೆ ಹತೋಟಿಗೆ ತಾರದೆ ಎಂಥ ದುಬಾರಿ ಚರ್ಮ ಹೊದಿಸಿದರೂ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಾಲ್ಕು ವಾರ ಇವೆಲ್ಲವನ್ನೂ ಸರಿಯಾಗಿ ಮಾಡಿಯೂ ಹುಣ್ಣು ಅರ್ಧಕ್ಕಿಳಿಯದಿದ್ದರೆ ಮಾತ್ರ ಮುಂದಿನ ಚಿಕಿತ್ಸೆಯ ಯೋಚನೆ ಮಾಡಬೇಕೆಂಬುದು ತಜ್ಞರಲ್ಲಿ ಪ್ರಚಲಿತವಿರುವ ಲೆಕ್ಕ.

ದಾನ ಮತ್ತು ದರ

ದಾನಿಗೆ ಒಂದು ಕಾಸೂ ಸಿಗದ ವಸ್ತು ಸಂಸ್ಕರಣೆಯಾಗಿ ಹೊರಬಂದಾಗ ಬೆಲೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಉದಾಹರಣೆ. ಅಲ್ಲಿನ ಹಿರಿಯರ ಸರ್ಕಾರಿ ವಿಮೆ 'ಮೆಡಿಕೇರ್' ಇಂಥ ಚರ್ಮದ ಬದಲಿಗಳಿಗೆ 2019ರಲ್ಲಿ ಮಾಡಿದ ವೆಚ್ಚ ಸುಮಾರು 25 ಕೋಟಿ ಡಾಲರ್. 2024ರಲ್ಲಿ ಅದು 1,000 ಕೋಟಿ ಡಾಲರ್ ದಾಟಿತು. ಐದು ವರ್ಷದಲ್ಲಿ ಹುಣ್ಣುಗಳು ನಲವತ್ತು ಪಟ್ಟು ಹೆಚ್ಚಾಗಲಿಲ್ಲ, ಹೆಚ್ಚಾದದ್ದು ದರ ಮತ್ತು ಬಳಕೆ. ಕೊನೆಗೆ ಅಲ್ಲಿನ ಸರ್ಕಾರ ಇಂಥ ಬಹುತೇಕ ಉತ್ಪನ್ನಗಳಿಗೆ 2026ರಿಂದ ಚದರ ಸೆಂಟಿಮೀಟರಿಗೆ ಏಕರೂಪದ ದರ ಗೊತ್ತುಮಾಡಬೇಕಾಯಿತು.

ಭಾರತದ ಕಷ್ಟ ಬೇರೆ. ಇಲ್ಲಿ ಕೊರತೆ ದಾನದ್ದೇ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಅಂಗಾಂಶಗಳನ್ನೂ ಸೇರಿಸಲಾಯಿತು, ಅವುಗಳ ವ್ಯಾಪಾರ ಶಿಕ್ಷಾರ್ಹ ಅಪರಾಧವಾಯಿತು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 2000ದಲ್ಲಿ ಚರ್ಮ ಬ್ಯಾಂಕ್ ಬಂತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಆರಂಭವಾದದ್ದು 2016ರಲ್ಲಿ. ಇಂಥ ಬ್ಯಾಂಕುಗಳಿಗೆ ಬಂದ ಚರ್ಮ ಮೊದಲು ಸಲ್ಲುವುದು ಸುಟ್ಟಗಾಯದವರಿಗೆ, ಅದು ನ್ಯಾಯವೂ ಹೌದು. ಅವರ ಅಗತ್ಯವೇ ತೀರದಿರುವಾಗ ಪಾದದ ಹುಣ್ಣಿನ ರೋಗಿಯ ಸರದಿ ದೂರ ಉಳಿಯುತ್ತದೆ.

ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ನೇತ್ರದಾನ ಕನ್ನಡಿಗರ ಮನೆಮಾತಾಯಿತು. ಚರ್ಮದಾನಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಸುಲಿಯುತ್ತಾರೆ, ದೇಹ ವಿಕಾರವಾಗುತ್ತದೆ ಎಂಬ ಭಯ ಜನರಲ್ಲಿದೆ. ನಡೆಯುವುದು ಹಾಗಲ್ಲ. ತೊಡೆ, ಕಾಲು, ಬೆನ್ನಿನಿಂದ ಅರ್ಧ ಮಿಲಿಮೀಟರಿಗೂ ತೆಳುವಾದ ಮೇಲ್ಪದರವನ್ನಷ್ಟೇ ತೆಗೆಯುತ್ತಾರೆ. ಮುಖ, ಕೈಗಳನ್ನು ಮುಟ್ಟುವುದಿಲ್ಲ. ರಕ್ತ ಸೋರುವುದಿಲ್ಲ. ಪಟ್ಟಿ ಕಟ್ಟಿ ದೇಹವನ್ನು ಒಂದು ಗಂಟೆಯೊಳಗೆ ಒಪ್ಪಿಸುತ್ತಾರೆ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ಚರ್ಮದ ಕ್ಯಾನ್ಸರ್ ಅಥವಾ ಸೋಂಕು ಇದ್ದವರ ಚರ್ಮ ಮಾತ್ರ ಸಲ್ಲದು. ಗ್ಲಿಸರಾಲಿನಲ್ಲಿ ಮುಳುಗಿಸಿ 4 ಡಿಗ್ರಿ ತಂಪಿನಲ್ಲಿಟ್ಟ ಚರ್ಮ ಐದು ವರ್ಷಗಳವರೆಗೂ ಉಪಯೋಗಕ್ಕೆ ಬರುತ್ತದೆ.

ಆದರೆ ಒಂದು ಗಡುವಿದೆ. ಪ್ರಾಣ ಹೋದ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕು. ಬದುಕಿದ್ದಾಗ ಸಹಿ ಹಾಕಿದ ಪ್ರತಿಜ್ಞಾಪತ್ರ ಬೀರುವಿನಲ್ಲಿದ್ದರೆ ಸಾಲದು. ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುವ, ಪುರೋಹಿತರನ್ನೋ ಅಯ್ಯನವರನ್ನೋ ಕರೆಸುವ ಆ ಗಡಿಬಿಡಿಯ ನಡುವೆ ಮನೆಯವರೊಬ್ಬರು ಬ್ಯಾಂಕಿಗೆ ಫೋನ್ ಮಾಡಬೇಕು. ಆ ಫೋನ್ ಯಾರು ಮಾಡಬೇಕೆಂಬುದನ್ನು ಎಲ್ಲರೂ ಚೆನ್ನಾಗಿರುವಾಗಲೇ ಮನೆಯಲ್ಲಿ ಮಾತಾಡಿಕೊಂಡಿರುವುದು ಒಳ್ಳೆಯದು.